ಕಂಬಳಿಯ ಮೇಲೆ ಕೊಟ್ಟ ಭಂಡಾರ

ನನ್ನ ಹಿರಿಯ ವಕೀಲರು ಕಕ್ಷಿದಾರನಿಗೆ ಊರು ಕೇಳುತ್ತಿದ್ದರು, ಕುಲ ಕೇಳುತ್ತಿದ್ದರು, ಪೊಲೀಸರು ಹೊಡೆದರೇ ಎಂದು ಕೇಳುತ್ತಿದ್ದರು. 'ನೀನು ಮಾಡಿದಿಯೇನು?' ಎಂಬ ಒಂದು ಪ್ರಶ್ನೆಯನ್ನು ಮಾತ್ರ ಎಂದೂ ಕೇಳುತ್ತಿರಲಿಲ್ಲ. ಅವನಾಗಿಯೇ ಹೇಳಲು ಬಾಯಿ ತೆರೆದರೆ ಎಲೆಯಡಿಕೆಯ ತಟ್ಟೆಯನ್ನು ಅವನ ಕಡೆ ಸರಿಸುತ್ತಿದ್ದರು. ಬಾಯಲ್ಲಿ ಎಲೆ ಇದ್ದವನು ತಪ್ಪು ಒಪ್ಪಿಕೊಳ್ಳಲಾರ ಎಂಬುದು ಅವರ ನಗೆಮಾತು.

ನಾನು ಅವರ ಕೈಕೆಳಗೆ ಸೇರಿದಾಗ ಈ ನಗೆಮಾತು ನನಗೆ ಹಿಡಿಸಲಿಲ್ಲ. ಅವರದು ಧಾರವಾಡ ಕಡೆಯ ಮನೆತನ; ಅಜ್ಜನ ಕಾಲದಿಂದ ಓದಿದವರು, ಪುಣೆಯ ಸದಾಶಿವ ಪೇಟೆಯಲ್ಲಿ ಸ್ವಂತ ವಾಡೆ. ಅವರಿಗೆ ವಕೀಲಿ ಎಂದರೆ ಅಪ್ಪನ ಅಂಗಿ, ತೊಟ್ಟರೆ ಸರಿಹೋಗುತ್ತದೆ. ನಮ್ಮಪ್ಪ ಅಥಣಿ ಕಡೆಯಿಂದ ಮಗ್ಗ ಹೊತ್ತುಕೊಂಡು ಬಂದು ಭವಾನಿ ಪೇಟೆಯ ಒಂದು ಓಣಿಯಲ್ಲಿ ಕಂಬಳಿ ನೇಯುತ್ತಿದ್ದವನು. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದವನು ನಾನೇ ಮೊದಲು. ಬೇರೆಯವರ ಮಕ್ಕಳಿಗೆ ಗಣಿತ ಹೇಳಿಕೊಟ್ಟು, ವಾರಕ್ಕೊಂದು ಮನೆಯಲ್ಲಿ ಉಂಡು ಬಿ.ಎ. ಮಾಡಿದೆ, ಆಮೇಲೆ ಕಾಯಿದೆ ಓದಿದೆ. ಇದನ್ನು ಸಂಕೋಚದಿಂದ ಬರೆಯುವುದು ನನಗೆ ಬರುವುದಿಲ್ಲ. ಪಾಸಾದ ದಿವಸ ಅಪ್ಪ ಉರಿ ಬಿಸಿಲಿನಲ್ಲಿ ನನ್ನ ಹೆಗಲಿಗೆ ಹೊಸ ಕರಿ ಕಂಬಳಿ ಹೊದಿಸಿ ಓಣಿ ತುಂಬ ನಡೆಸಿದ್ದ. ಬೆವರು ಹರಿಯುತ್ತಿತ್ತು, ತೆಗೆಯಲಿಲ್ಲ.

ಮನೆಯಲ್ಲಿ ನನ್ನ ಮಾತು 'ಐತಿ', ಹಿರಿಯರ ವಾಡೆಯಲ್ಲಿ 'ಅದ', ಕೋರ್ಟಿನ ಕಟ್ಟೆಯ ಮೇಲೆ ಮರಾಠಿ, ಒಳಗೆ ಇಂಗ್ಲಿಷು. ದಿನಕ್ಕೆ ನಾಲ್ಕು ನಾಲಗೆ ಬದಲಿಸುವವನಿಗೆ ಒಂದಾದರೂ ಗಟ್ಟಿ ನೆಲ ಬೇಕಲ್ಲ. ನನ್ನ ಗಟ್ಟಿ ನೆಲ ಯಾವುದೆಂದರೆ, ಕಕ್ಷಿದಾರನಿಂದ ಮೊದಲು ನಿಜ ಕೇಳುವುದು. ಇಷ್ಟು ಕಷ್ಟಪಟ್ಟು ಓದಿದ್ದು ಕಿವಿ ಮುಚ್ಚಿಕೊಳ್ಳುವುದಕ್ಕಲ್ಲ ಎಂದುಕೊಂಡಿದ್ದೆ.

ಕೇಳುವ ಉಪಾಯವೂ ನನ್ನ ಹತ್ತಿರ ಇತ್ತು. ನನ್ನಲ್ಲಿಗೆ ಬರುತ್ತಿದ್ದವರು ಹೆಚ್ಚಾಗಿ ನಮ್ಮ ಕಡೆಯ ಕುರಿಯವರು, ಗಾಡಿಯವರು, ಹಮಾಲರು. ನಾನು ಜೇಬಿನಲ್ಲಿ ಒಂದು ಹಿತ್ತಾಳೆ ಡಬ್ಬಿ ಇಟ್ಟುಕೊಂಡಿದ್ದೆ, ಅದರಲ್ಲಿ ಜೇಜುರಿಯ ಭಂಡಾರ. ದೇವರಿಗೆ ಹಾರಿಸುವ ಅರಿಶಿಣ ಪುಡಿ ಅಷ್ಟೇ, ಆದರೆ ಅದನ್ನು ಅಂಗೈಯಲ್ಲಿ ಹಿಡಿದವನು ನಮ್ಮವರಲ್ಲಿ ಸುಳ್ಳು ಹೇಳುವುದಿಲ್ಲ. ಪೊಲೀಸರ ಬೆತ್ತಕ್ಕೆ ಬಾರದ್ದು ಒಂದು ಚಿಟಿಕೆಗೆ ಬರುತ್ತಿತ್ತು. ಹಿರಿಯರಿಗೆ ಇದು ತಮಾಷೆ. "ಏನ್ರೀ ಗ್ರಾಜುಯೇಟ್ರ, ನೀವು ವಕೀಲರೋ ಪೂಜಾರಿಗಳೋ?" ಎನ್ನುತ್ತಿದ್ದರು. ಒಮ್ಮೆ ಮಾತ್ರ ನಗದೆ ಹೇಳಿದರು, ಒಂದು ಸಲ ಗೊತ್ತಾದ ಮೇಲೆ ಗೊತ್ತಿಲ್ಲ ಅನ್ನಲಿಕ್ಕೆ ಬರೂದಿಲ್ಲ, ನೋಡಿಕೊಂಡು ಕೇಳ್ರಿ ಎಂದು. ನನ್ನ ಕಿವಿಗೆ ಅದು ಹಳಬರ ಅಂಜಿಕೆಯಂತೆ ಕೇಳಿಸಿತು.

ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಒಂದು ಬೆಳಿಗ್ಗೆ ಕುರುಬನೊಬ್ಬ ನಮ್ಮ ಮನೆ ಹುಡುಕಿಕೊಂಡು ಬಂದ. ತಮ್ಮನನ್ನು ಖೂನಿ ಆರೋಪದ ಮೇಲೆ ಹಿಡಿದು ಯೆರವಡಾ ಜೈಲಿನಲ್ಲಿ ಇಟ್ಟಿದ್ದಾರೆ ಎಂದ. ಅಣ್ಣತಮ್ಮಂದಿರು ಪ್ರತಿ ವರ್ಷ ಕುರಿ ಹೊಡೆದುಕೊಂಡು ಪುಣೆಯ ಸುತ್ತಿನ ಹೊಲಗಳಿಗೆ ಬರುತ್ತಿದ್ದರು. ಖೂನಿಯಾದ ದಿನ ಸಂಜೆ ಬಿಬವೇವಾಡಿಯ ಒಂದು ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದರು. ಅಲ್ಲಿಗೆ ಬಂದ ಕುರಿ ದಲಾಲಿಯೊಬ್ಬ ತಲೆಗೆ ಏಟು ಬಿದ್ದು ಸತ್ತಿದ್ದ. ಹೊಲದ ಕಾವಲಿನವನು ಮಬ್ಬಿನಲ್ಲಿ ದೂರದಿಂದ ಎರಡು ಆಕಾರ ಕಂಡಿದ್ದನೇ ಹೊರತು ಮುಖ ಕಂಡಿರಲಿಲ್ಲ. ಅಣ್ಣ ಅಲ್ಲೇ ಕೂತು ದಾರಿ ಹೇಳಿಬಿಟ್ಟ. ತಮ್ಮ ಆ ಸಂಜೆ ಜೇಜುರಿ ದಾರಿಯ ಇನ್ನೊಂದು ತರುಬಿನಲ್ಲಿ ಇದ್ದನೆಂದು ಹೇಳಲು ಮೂವರು ತಯಾರಿದ್ದಾರೆ, ನೀವು ನಮ್ಮವರು, ನೀವು ನಿಂತರೆ ಆಯಿತು. ನಾನು, ಮೊದಲು ತಮ್ಮನನ್ನು ನೋಡುತ್ತೇನೆ ಎಂದೆ.

ಸೈಕಲ್ಲಿನ ಹಿಂದೆ ಅಪ್ಪ ಹೊದಿಸಿದ ಕಂಬಳಿ ಕಟ್ಟಿಕೊಂಡು, ನದಿ ದಾಟಿ ಯೆರವಡಾಕ್ಕೆ ಹೋದೆ. ಕಂಬಳಿ ಒಯ್ದಿದ್ದಕ್ಕೆ ದೊಡ್ಡ ಕಾರಣವಿಲ್ಲ. ಭೇಟಿಯ ಕೋಣೆಯಲ್ಲಿ ಒಂದೇ ಬೆಂಚು, ನಮ್ಮ ಜನ ವಕೀಲನ ಸಮ ಬೆಂಚಿನ ಮೇಲೆ ಕೂರುವುದಿಲ್ಲ, ಕಲ್ಲಿನ ನೆಲ ಥಂಡಿ. ಹಾಸಿದರೆ ಇಬ್ಬರೂ ಕೂರಬಹುದು. ಮರಾಠಿಯ ವಾರ್ಡರನೊಬ್ಬ ಬಾಗಿಲ ಆಚೆ ಕಣ್ಣಳತೆಯಲ್ಲಿ ನಿಂತ. ನಮ್ಮ ಕನ್ನಡ ಅವನಿಗೆ ತಿಳಿಯುವಂತಿರಲಿಲ್ಲ.

ತಮ್ಮ ನನಗಿಂತ ಚಿಕ್ಕವನು. ಕಂಬಳಿ ನೋಡಿ ಕಾಲಿನ ಧೂಳು ಒರೆಸಿಕೊಂಡು, ತುದಿ ಮುಟ್ಟಿ ನಮಸ್ಕಾರ ಮಾಡಿ ಕೂತ. ನಾನು ಡಬ್ಬಿ ತೆಗೆದು ಅವನ ಅಂಗೈಗೆ ಭಂಡಾರ ಹಾಕಿ, ನಡೆದದ್ದು ಹೇಳು ಎಂದೆ.

ತಡವರಿಸದೆ ಹೇಳಿದ. ದಲಾಲಿ ಕುಡಿದು ಬಂದಿದ್ದ. ಹಿಂಡಿನ ಮುಂದೆ ನಡೆಯುವ ಮುಂಗುರಿಯ ಟಗರು ಕೊಡು ಎಂದ, ಇವನು ಕೊಡುವುದಿಲ್ಲ ಎಂದ. ದಲಾಲಿ ಟಗರಿನ ಕೊರಳಿನ ಗಂಟೆ ಹಿಡಿದು ಎಳೆದ. ಬಿಡಿಸಲು ಹೋದಾಗ ಇವನನ್ನು ಕೆಡವಿ ಎದೆಯ ಮೇಲೆ ಜೋಡು ಹಾಕಿದ ಕಾಲಿಟ್ಟು, ತಾಯಿಯ ಹೆಸರಿನಲ್ಲಿ ಬೈದು ನಕ್ಕ. ಆಮೇಲೆ ಕಾಲು ತೆಗೆದು, ಟಗರು ಬಿಟ್ಟು, ತಿರುಗಿ ಹೊರಟ. ಇವನು ಎದ್ದು ಬಡಿಗೆಯಿಂದ ಒಂದೇ ಏಟು ಹೊಡೆದ. ಹಿಂದಿನಿಂದ.

ಹೇಳಿ ಮುಗಿಸಿ, ಅಂಗೈಯನ್ನು ಹಾಗೇ ಚಾಚಿಕೊಂಡು, ತಲೆ ತಗ್ಗಿಸಿ ಕೂತ. ಎಷ್ಟು ಹೊತ್ತಾದರೂ ಏಳಲಿಲ್ಲ.

"ಇನ್ನೇನು?" ಎಂದೆ.

"ಹೇಳ್ರಿ."

"ಏನು ಹೇಳಲಿ?"

"ದಂಡ," ಎಂದ.

ಆಗ ತಿಳಿಯಿತು, ನಾನು ಏನು ಮಾಡಿ ಕೂತಿದ್ದೆ ಎಂದು. ನಮ್ಮ ಊರುಗಳಲ್ಲಿ ಕಂಬಳಿ ಹಾಸಿದರೆ ಅದು ಪಂಚರ ಗದ್ದುಗೆ. ಅದರ ಮೇಲೆ ಕೂತು ಭಂಡಾರ ಕೊಟ್ಟು ಕೇಳುವವನೇ ತೀರ್ಪು ಹೇಳುವವನು. ಇವನ ಲೆಕ್ಕದಲ್ಲಿ ವಿಚಾರಣೆ ನಡೆದು ಮುಗಿದಿತ್ತು, ಕರಿ ಕೋಟಿನ ನ್ಯಾಯಾಧೀಶ ನಾನೇ. ನಾನು ಬಿಡಿಸಿ ಹೇಳಿದೆ. ನ್ಯಾಯ ಹೇಳುವ ಸಾಹೇಬರು ಬೇರೆ, ಅವರ ಮುಂದೆ ನಿನ್ನ ಪರವಾಗಿ ಮಾತಾಡುವವನು ನಾನು, ನಿನ್ನ ತಪ್ಪು ತೂಗುವುದು ನನ್ನ ಕೆಲಸ ಅಲ್ಲ. ಅವನು ನನ್ನ ಮುಖವನ್ನೇ ನೋಡುತ್ತ ಎಲ್ಲ ಕೇಳಿಸಿಕೊಂಡ.

"ಮತ್ತ ನನ್ನ ಕೈಯಾಗ ಭಂಡಾರ ಯಾಕ ಹಾಕಿದ್ರಿ?"

ವಾರ್ಡರ ಹೊತ್ತಾಯಿತೆಂದು ಕರೆದ. ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡೆ. ಹೊರಗೆ ಬಂದು ಸೈಕಲ್ ಹತ್ತದೆ, ಸೇತುವೆಯ ತನಕ ತಳ್ಳಿಕೊಂಡೇ ನಡೆದೆ.

ನೆಟ್ಟಗೆ ಹಿರಿಯರ ವಾಡೆಗೆ ಹೋದೆ. ಕಕ್ಷಿದಾರ ಹೇಳಿದ್ದನ್ನು ಪಾಲುಗಾರ ಹಿರಿಯನ ಮುಂದೆ ಹೇಳಬಹುದು, ಅಷ್ಟಕ್ಕೆ ಪದ್ಧತಿಯ ಒಪ್ಪಿಗೆ ಉಂಟು. ಅವರು ಜೋಕಾಲಿಯ ಮೇಲೆ ಕೂತು ಕೆಳ ಕೋರ್ಟಿನ ಕಾಗದಗಳನ್ನು ತಿರುವಿದರು. ಡಾಕ್ಟರು ಏಟು ಕಿವಿಯ ಮೇಲೆ ಬಿದ್ದದ್ದು, ಎದುರಿನಿಂದಲೋ ಹಿಂದಿನಿಂದಲೋ ಹೇಳಲಾರೆ ಎಂದಿದ್ದರು. ಹಿಡಿದ ದಿನ ಆರೋಪಿಯ ಎದೆಯ ಮೇಲೆ ಜೋಡಿನ ಗುರುತು ಇತ್ತೆಂದೂ ಬರೆಸಿದ್ದರು. ಹಿರಿಯರು ಕನ್ನಡಕ ತೆಗೆದರು.

"ಡಾಕ್ಟರಿಗೇ ಗೊತ್ತಿಲ್ಲದ್ದು ನಿಮಗ್ಯಾಕ ಗೊತ್ತಾಗಬೇಕಾಗಿತ್ತು?"

ಮುಂದಿನದನ್ನು ಅವರು ಸಿಟ್ಟಿಲ್ಲದೆ ಹೇಳಿದರು, ಅದೇ ಹೆಚ್ಚು ಚುಚ್ಚಿತು. ನೀವು ಕೇಳದೆ ಇದ್ದಿದ್ದರೆ, ಎದೆಯ ಮೇಲೆ ಕಾಲಿಟ್ಟವನನ್ನು ಇವನು ಜೀವ ಉಳಿಸಿಕೊಳ್ಳಲು ಹೊಡೆದಿರಬಹುದು ಎಂದು ನಿರ್ಮಲ ಮನಸ್ಸಿನಿಂದ ವಾದಿಸಬಹುದಾಗಿತ್ತು. ಅದು ಸುಳ್ಳಲ್ಲ, ದಾಖಲೆಯಲ್ಲಿ ಇರುವ ಒಂದು ಸಾಧ್ಯತೆ. ಬಿಡುಗಡೆಯೂ ಆಗಬಹುದಾಗಿತ್ತು. ಈಗ ಅದೇ ಮಾತನ್ನು ನೀವು ಆಡಿದರೆ ಸುಳ್ಳು. ಅಣ್ಣ ತರುವ ಮೂವರನ್ನಂತೂ ಕಟಕಟೆಗೆ ಹತ್ತಿಸುವ ಹಾಗೇ ಇಲ್ಲ. "ನಿಮ್ಮ ಮನಸ್ಸು ಸ್ವಚ್ಛ ಆತು, ಅವನ ಬಾಗಲಾ ಮುಚ್ಚಿತು," ಎಂದರು. ಕೇಸು ಬಿಡುವುದಾದರೆ ಈಗಲೇ ಬಿಡಿ, ನಾನು ಇನ್ನೊಬ್ಬರನ್ನು ಗೊತ್ತು ಮಾಡುತ್ತೇನೆ, ಅವರಿಗೆ ನೀವು ಒಂದು ಮಾತೂ ಹೇಳಬೇಡಿ, ಅವರೂ ಕೇಳುವುದಿಲ್ಲ. ಎಲೆಯಡಿಕೆ ತಟ್ಟೆಯನ್ನು ನನ್ನ ಕಡೆ ಸರಿಸಿದರು. ನಾನು ತೆಗೆದುಕೊಳ್ಳಲಿಲ್ಲ.

ಆ ವಾರ ನಾನು ಕೂತಲ್ಲಿ ಕೂರಲಿಲ್ಲ. ಓದುತ್ತಿದ್ದ ಪುಟ ಬಿಟ್ಟು ಎದ್ದು ಲಕಡಿ ಪೂಲಿನ ಸೇತುವೆಯ ತನಕ ಹೋಗಿ ಬರುತ್ತಿದ್ದೆ, ಬಂದ ಮೇಲೆ ಯಾವ ಪುಟ ಎಂಬುದು ಮರೆತಿರುತ್ತಿತ್ತು. ಊಟಕ್ಕೆ ಕೂತರೆ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಮಗ್ಗದ ಮುಂದಿದ್ದ ಅಪ್ಪ, ಲಾಳಿ ಹಂಗ ಯಾಕ ಓಡಾಡ್ತಿ, ನೂಲಾದ್ರೂ ಬಿಡು ಎಂದು ಗೇಲಿ ಮಾಡಿದ. ಅವನಿಗೆ ಏನೂ ಹೇಳುವಂತಿರಲಿಲ್ಲ.

ನನ್ನನ್ನು ಕೊರೆಯುತ್ತಿದ್ದುದು ಹಿರಿಯರ ಮಾತಲ್ಲ. ನಾನು ಏನು ಹೇಳಿದರೂ ಆ ಹುಡುಗ ಮಾಡುತ್ತಾನೆ ಎಂಬುದು. ಕಕ್ಷಿದಾರ ತನ್ನ ದಾರಿ ತಾನು ಆರಿಸಬೇಕು, ವಕೀಲ ದಾರಿಯ ಏರುತಗ್ಗು ತೋರಿಸಬೇಕು ಎಂದು ಓದಿದ್ದೆ. ಆದರೆ ನನ್ನನ್ನು ಗದ್ದುಗೆಯ ಮೇಲೆ ಕೂತವನು ಎಂದು ನಂಬಿದವನಿಗೆ ನಾನು ತೋರಿಸಿದ್ದೆಲ್ಲ ಅಪ್ಪಣೆಯೇ. ನಾನು ಬಿಟ್ಟು ಹೋದರೆ, ಪಂಚ ಎದ್ದು ಹೋದ ಎಂದುಕೊಳ್ಳುತ್ತಾನೆ. ಇದ್ದರೆ, ನನ್ನ ಬಾಯಿ ಸುಳ್ಳಾಗಬಾರದೆಂಬ ಹಟಕ್ಕೆ ಅವನ ಕೊರಳು. ಎರಡರಲ್ಲಿ ಯಾವುದನ್ನು ಹಿಡಿದರೂ ಇನ್ನೊಂದು ಮೈ ಪರಚುತ್ತಿತ್ತು.

ಮತ್ತೆ ಯೆರವಡಾಕ್ಕೆ ಹೋದೆ. ಈ ಸಲ ಬೇಕೆಂತಲೇ ಕಂಬಳಿ ಬಿಟ್ಟು ಹೋದೆ. ನಾನೇ ಮೊದಲು ಬರೀ ನೆಲದ ಮೇಲೆ ಕೂತೆ. ಅವನು ಸುತ್ತ ನೋಡಿ, ಕಂಬಳಿ ತರಲಿಲ್ಲೇನ್ರಿ ಎಂದ. ಇವತ್ತು ಪಂಚಾಯ್ತಿ ಇಲ್ಲ, ಮಾತು ಅಷ್ಟೇ ಎಂದೆ. ಆಮೇಲೆ ಮೂರು ದಾರಿಗಳನ್ನೂ ಹೇಳಿದೆ. ಅಣ್ಣನ ಮೂವರು ಸಾಕ್ಷಿಗಳನ್ನು ನಾನು ಕರೆಯಲಾರೆ. ಆ ದಾರಿ ಬೇಕಾದರೆ ಬೇರೆ ವಕೀಲರು ಬರುತ್ತಾರೆ, ಅವರಿಗೆ ನಾನು ಏನೂ ಹೇಳುವುದಿಲ್ಲ. ನಾನೇ ಇರುವುದಾದರೆ ನೀನು ಬಾಯಿ ಬಿಡದೆ ಇರಬಹುದು. ಸರಕಾರದವರು ತೋರಿಸಿದ್ದು ಸಾಲದು ಎಂದು ವಾದಿಸುತ್ತೇನೆ. ಇಲ್ಲವೇ ನೀನು ನಡೆದದ್ದು ಹೇಳಬಹುದು. ಆಗ ಕೆರಳಿಸಿದ್ದಕ್ಕೆ ಹೊಡೆದ ಎಂದು ಬೇಡಿಕೊಳ್ಳುತ್ತೇನೆ.

"ಹೊಸ ವಕೀಲ ಭಂಡಾರ ಕೊಡ್ತಾರೇನ್ರಿ?"

"ಇಲ್ಲ. ಅವರು ಕೇಳೂದೇ ಇಲ್ಲ."

"ಕೇಳದಿದ್ರ ನಾ ಹೊಡದಿಲ್ಲಂತ ಆಕ್ಕೈತೇನು?"

ಅವನು ನನ್ನ ಜೇಬಿನ ಕಡೆ ನೋಡಿದ. ಡಬ್ಬಿ ಅಲ್ಲೇ ಇತ್ತು, ಅದು ಎಂದೂ ಜೇಬು ಬಿಡುತ್ತಿರಲಿಲ್ಲ.

"ಇವತ್ತ ನೀವು ಹಿಡೀರಿ. ನಾ ಕೇಳ್ತೀನಿ."

ಬಿ.ಎ., ಎಲ್‌ಎಲ್.ಬಿ. ಆದವನು ಖೂನಿ ಆರೋಪಿಯ ಮುಂದೆ ಅಂಗೈ ಚಾಚಿದೆ. ಅವನೇ ಡಬ್ಬಿ ತೆರೆದು ಚಿಟಿಕೆ ಹಾಕಿದ. ಬಾಗಿಲಲ್ಲಿದ್ದ ವಾರ್ಡರ ಪ್ರಸಾದವೆಂದು ತಿಳಿದು ತಾನೂ ದೂರದಿಂದಲೇ ಕೈ ಮುಗಿದ.

"ಬ್ಯಾರೆ ವಕೀಲನ್ನ ಹಿಡದ್ರ ನಾ ಪಾರಾಗ್ತೀನೇನು?"

ಇಲ್ಲ ಎನ್ನುವುದು ನನಗೆ ಸುಲಭವಿತ್ತು. ಅಂಗೈಯಲ್ಲಿ ಹಳದಿ ಇತ್ತು. "ಆಗಬಹುದು," ಎಂದೆ. "ನಿಮ್ಮಣ್ಣನ ಸಾಕ್ಷಿ ನಿಂತರ, ಆಗಬಹುದು."

"ನೀವ ನಡಿಸಿದ್ರ?"

"ಬಾಯಿ ಬಿಡದಿದ್ರ, ಎರಡೂ ಆಗಬಹುದು, ಬಿಡುಗಡೆನೂ, ಗಲ್ಲೂ. ನಡೆದದ್ದು ಹೇಳಿದ್ರ ಜೈಲು ತಪ್ಪೂದಿಲ್ಲ. ಗಲ್ಲು ಆಗಲಿಕ್ಕಿಲ್ಲ ಅಂತ ನನ್ನ ಅಂದಾಜು. ಖಾತ್ರಿ ಇಲ್ಲ."

"ನಾ ಜೈಲಿಗೆ ಹೋಗಬೇಕಂತ ನಿಮ್ಮ ಮನಸಿನಾಗ ಐತೇನ್ರಿ?"

ಈ ಪ್ರಶ್ನೆಯನ್ನು ನಾನು ಆ ವಾರವೆಲ್ಲ ತಪ್ಪಿಸಿಕೊಂಡು ಓಡಾಡಿದ್ದೆ. ನೀನು ಹೋಗಬೇಕಂತಲ್ಲ, ನಾನು ಸುಳ್ಳು ಹೇಳಬಾರದಂತ ಐತಿ ಎಂದೆ. ನನ್ನ ಮನೆಯ 'ಐತಿ' ತಾನಾಗಿ ಬಾಯಿಗೆ ಬಂದಿತ್ತು. ಅವನು ಬಹಳ ಹೊತ್ತು ನೆಲದ ಮೇಲೆ ಬೆರಳಿನಿಂದ ಏನೋ ಗೀಚಿದ. ಕಡೆಗೆ, ನೀವ ಇರ್ರಿ ಎಂದ. ಕೋರ್ಟಿನಲ್ಲಿ ಬಾಯಿ ಬಿಡುತ್ತಾನೋ ಇಲ್ಲವೋ ಎಂಬುದನ್ನು ಹೇಳಲಿಲ್ಲ. ನಾನು ಕೇಳಲಿಲ್ಲ. ಕೇಳದೆ ಇರುವುದನ್ನು ಅಷ್ಟರಲ್ಲಿ ಸ್ವಲ್ಪ ಕಲಿತಿದ್ದೆ.

ಅಣ್ಣನಿಗೆ ಸಾಕ್ಷಿಗಳನ್ನು ಕರೆಯುವುದಿಲ್ಲ ಎಂದು ಹೇಳಿದಾಗ ಕಾರಣ ಕೊಡುವಂತಿರಲಿಲ್ಲ. ತಮ್ಮ ನನಗೆ ಹೇಳಿದ್ದು ತಮ್ಮನದೇ; ಅಣ್ಣನಾದರೂ ಅವನಿಗೆ ಅದರಲ್ಲಿ ಪಾಲಿಲ್ಲ. ತಮ್ಮನನ್ನೇ ಹೋಗಿ ಕೇಳು, ಅವನು ಬೇಡವೆಂದರೆ ನಾಳೆಯೇ ಬಿಡುತ್ತೇನೆ ಎಂದೆ. ಅವನು ಹೋದ, ಕೇಳಿದ, ತಿರುಗಿ ಬಂದು ನಮ್ಮ ಹೊಸ್ತಿಲ ಆಚೆ ನಿಂತ. ಅಪ್ಪ ಕೊಟ್ಟ ನೀರು ಕುಡಿಯಲಿಲ್ಲ.

"ನಮ್ಮವ ಅಂತ ನಿಮ್ಮ ಹಂತೇಲಿ ಬಂದ್ವಿ. ಪರದೇಶಿಯವನ ಹಂತೇಲಿ ಹೋಗಿದ್ರ ಅವ ವಕೀಲಕಿ ಅಷ್ಟ ಮಾಡ್ತಿದ್ದ."

ಅಪ್ಪ ನನ್ನ ಕಡೆ ನೋಡಿದ. ನಾನು ಕಾಗದ ಕಟ್ಟುವುದರಲ್ಲಿ ತೊಡಗಿದೆ. ಕಟ್ಟಿದ ದಾರ ಬಿಚ್ಚಿ ಮತ್ತೆ ಕಟ್ಟಿದೆ.

ಸೆಷನ್ಸ್ ಕೋರ್ಟಿನಲ್ಲಿ ಆ ಮೂವರು ಸಾಕ್ಷಿಗಳು ಹೊರಗಿನ ಬೇವಿನ ಕೆಳಗೆ ದಿನವೂ ಬಂದು ಕೂರುತ್ತಿದ್ದರು. ಕರೆದರೆ ಇರಲಿ ಎಂದು ಅಣ್ಣ ಕೂರಿಸುತ್ತಿದ್ದ. ನಾನು ಒಳಗೆ ಹೋಗುವಾಗ ಹೊರಗೆ ಬರುವಾಗ ಅವರು ಎದ್ದು ನಿಲ್ಲುತ್ತಿದ್ದರು. ಹೊಲದ ಕಾವಲಿನವನಿಗೆ ನಾನು ಎಷ್ಟು ದೂರ, ಎಷ್ಟು ಬೆಳಕು ಎಂದು ಕೇಳಿದೆ. ನೀನು ಸುಳ್ಳು ಹೇಳುತ್ತಿದ್ದೀ ಎನ್ನಲಿಲ್ಲ, ಯಾಕೆಂದರೆ ಅವನು ಹೇಳುತ್ತಿರಲಿಲ್ಲ. ಡಾಕ್ಟರಿಗೆ ಏಟಿನ ದಿಕ್ಕಿನ ಬಗ್ಗೆ ಒಂದು ಪ್ರಶ್ನೆಯನ್ನೂ ಹಾಕಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರು ಆಗ ಕೆಮ್ಮಿದರು. ಆ ಕೆಮ್ಮು ನನಗೆ ಗೊತ್ತು, ಎಲೆಯಡಿಕೆಯದಲ್ಲ.

ಸರಕಾರದ ಕಡೆಯದು ಮುಗಿದ ಮೇಲೆ ಸಾಹೇಬರು ದುಭಾಷಿಯ ಮೂಲಕ ಆರೋಪಿಗೆ ಕೇಳಿದರು, ನಿನಗೆ ಏನಾದರೂ ಹೇಳುವುದಿದೆಯೇ, ಹೇಳಲೇಬೇಕೆಂದಿಲ್ಲ. ಅವನು ಸಾಹೇಬರ ಕಡೆ ನೋಡದೆ ನನ್ನ ಕಡೆ ನೋಡಿದ. ನಾನು ಮುಖ ತಿರುಗಿಸಿ ಕಿಟಕಿಯ ಆಚೆ ನೋಡುತ್ತ ನಿಂತೆ. ಕಣ್ಣಲ್ಲಿ ಹೌದು ಎಂದರೂ ಅಪ್ಪಣೆ, ಬೇಡ ಎಂದರೂ ಅಪ್ಪಣೆ. ಕಿಟಕಿಯ ಸರಳಿಗೆ ಯಾರೋ ಹಸಿರು ಬಣ್ಣ ಬಳಿದಿದ್ದರು, ಅರ್ಧ ಬಳಿದು ಬಿಟ್ಟಿದ್ದರು. ಅದು ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಅವನು ಹೇಳಿದ. ಟಗರು, ಗಂಟೆ, ಎದೆಯ ಮೇಲಿನ ಕಾಲು. ಒಂದು ಏಟು. ಅಲ್ಲಿಗೆ ನಿಲ್ಲಿಸಬಹುದಾಗಿತ್ತು, ದುಭಾಷಿ ಅಷ್ಟನ್ನು ಹೇಳಿ ಮುಗಿಸಿ, ಸಾಹೇಬರು ಬರೆದುಕೊಂಡು, ಲೇಖನಿಯನ್ನೂ ಎತ್ತಿದ್ದರು. ಇವನು ಮತ್ತೆ ಬಾಯಿ ತೆರೆದ.

"ಹೊಡಿಯೂಮುಂದ ಅವಂದು ಬೆನ್ನ ಇತ್ತ ಇತ್ರಿ."

ದುಭಾಷಿ ನನ್ನ ಮುಖ ನೋಡಿದ. ಇಡೀ ಕೋರ್ಟಿನಲ್ಲಿ ಆ ಮಾತು ತಿಳಿದವರು ದುಭಾಷಿ, ಹಿರಿಯರು, ನಾನು, ಬಾಗಿಲ ಹತ್ತಿರ ನಿಂತ ಅಣ್ಣ. ಹೇಳ್ರಿ, ಅವ ಅಂದದ್ದು ಅಂದ್ಹಂಗ ಹೇಳ್ರಿ ಎಂದೆ. ಹೇಳಿದ. ಅಣ್ಣ ಹೊರಗೆ ಹೋಗಿ ಬೇವಿನ ಕೆಳಗಿನ ಮೂವರನ್ನು ಮನೆಗೆ ಕಳಿಸಿದ.

ನಾನು ವಾದಿಸಿದೆ. ಆ ದಿನ ನನ್ನ ಇಂಗ್ಲಿಷು ತಡವರಿಸಲಿಲ್ಲ; ನೆಲಕ್ಕೆ ಬಿದ್ದವನ ಎದೆ ಏನು ಎಂಬುದು ನನಗೆ ಪುಸ್ತಕದಿಂದ ಗೊತ್ತಾಗಬೇಕಾಗಿರಲಿಲ್ಲ. ತೀರ್ಪಿನಲ್ಲಿ ಖೂನಿಯ ಕಲಮು ಬಿದ್ದುಹೋಗಿ, ಕೆರಳಿ ಕೊಂದದ್ದರ ಹಗುರ ಕಲಮು ಉಳಿಯಿತು. ತನಗೆ ಕೇಡಾಗುವುದನ್ನು ತಾನೇ ಹೇಳಿದವನ ಉಳಿದ ಮಾತನ್ನೂ ನಂಬಬೇಕಾಗುತ್ತದೆ ಎಂದು ಸಾಹೇಬರು ಓದಿದರು. ಏಳು ವರ್ಷ ಸಕ್ತಮಜೂರಿ.

ಮೆಟ್ಟಿಲ ಮೇಲೆ ಹಿರಿಯರು ನನ್ನ ಹೆಗಲ ಮೇಲೆ ಕೈಯಿಟ್ಟು, ಚಲೋ ವಾದ ಮಾಡಿದ್ರಿ ಎಂದರು. ಅಷ್ಟಕ್ಕೆ ಬಿಡುವ ಜಾತಿ ಅವರದಲ್ಲ. "ನಾ ನಡಿಸಿದ್ರ ಇವತ್ತ ಸಂಜೀಕ ಅವ ಕುರಿ ಹಿಂದ ಇರ್ತಿದ್ದ. ಸುಳ್ಳೂ ಹೇಳ್ತಿರಲಿಲ್ಲ ನಾ." ಅದು ನಿಜ. ಆದರೂ ನಾನು ಕೇಳುವುದನ್ನು ಬಿಡಲಿಲ್ಲ. ಕಂಬಳಿ ಮಾತ್ರ ಜೈಲಿಗೆ ಒಯ್ಯುವುದನ್ನು ಬಿಟ್ಟೆ. ಕೇಳುವ ಮೊದಲು, ಹೇಳದಿದ್ದರೂ ನಡೆಯುತ್ತದೆ, ಹೇಳಿದರೆ ನನ್ನ ಕೈ ಇಷ್ಟು ಕಟ್ಟುತ್ತದೆ ಎಂದು ಬಿಡಿಸಿ ಹೇಳುತ್ತೇನೆ. ಅರ್ಧ ಜನ ಆಗ ಹೇಳುವುದಿಲ್ಲ. ಡಬ್ಬಿ ಜೇಬಿನಲ್ಲೇ ಉಳಿಯುತ್ತದೆ.

ಅಪೀಲಿನ ಮಾತು ಕೇಳಲು ಇನ್ನೊಂದು ಸಲ ಯೆರವಡಾಕ್ಕೆ ಹೋಗಿದ್ದೆ. ತಲೆ ಬೋಳಿಸಿ, ಪಟ್ಟೆಯ ಅಂಗಿ ಹಾಕಿದ್ದರು. ಅಪೀಲು ಬೇಡ ಎಂದ. ಕಂಬಳಿ ನೇಯುವ ಕಡೆ ಹಾಕಿದ್ದಾರಂತೆ, ನೂಲು ಚಲೋ ಇಲ್ಲವಂತೆ. ಕುರಿಗಳ ಬಗ್ಗೆ ಎರಡು ಮಾತು ಕೇಳಿದ. ನಾನು ಏಳುವಾಗ, ಹಳೆಯ ನಂಟನನ್ನು ವಿಚಾರಿಸುವಂತೆ ಕೇಳಿದ.

"ಸಾಹೇಬರು ಏಳು ಕೊಟ್ರು. ನೀವಾಗಿದ್ರ ಎಷ್ಟು ಕೊಡ್ತಿದ್ರಿ?"

ನಾನು ನ್ಯಾಯಾಧೀಶ ಅಲ್ಲ ಎಂದು ಮತ್ತೆ ಹೇಳಬಹುದಾಗಿತ್ತು. ಹೇಳಲಿಲ್ಲ, ಯಾಕೆಂದರೆ ನನ್ನ ಹತ್ತಿರ ಉತ್ತರ ಇತ್ತು. ಮೊದಲ ದಿವಸ, ಆ ಕಂಬಳಿಯ ಮೇಲೆ, ಅವನು ಕೈ ಚಾಚಿ ಕೂತಿದ್ದಾಗಲೇ ನನ್ನ ಮನಸ್ಸು ತೂಗಿ ಒಂದು ಅಂಕಿ ಹೇಳಿತ್ತು. ಸಾಹೇಬರ ಏಳಕ್ಕೂ ಅದಕ್ಕೂ ತಾಳೆ ಇರಲಿಲ್ಲ. ವಾರ್ಡರ ಬೀಗದ ಗೊಂಚಲು ಅಲ್ಲಾಡಿಸಿದ. ಮುಂದಿನ ಸಲ ಚಲೋ ನೂಲು ತಂದುಕೊಡಲು ಬಿಡುತ್ತಾರೋ ಕೇಳುತ್ತೇನೆ ಎಂದು ಹೇಳಿ ಹೊರಗೆ ಬಂದೆ. ಸೇತುವೆಯ ಮೇಲೆ ಎದುರು ಗಾಳಿ. ಸೈಕಲ್ಲಿನಿಂದ ಇಳಿದೆ, ಮತ್ತೆ ಹತ್ತಿದೆ, ಮತ್ತೆ ಇಳಿದೆ. ಆ ಅಂಕಿಯನ್ನು ಇವತ್ತಿನ ತನಕ ಯಾರಿಗೂ ಹೇಳಿಲ್ಲ.